ಹಿಂದಿನ ಸೀಟಲ್ಲಿ ಕೂತು ಬಂದ ರೊಟ್ಟಿ ಅಕ್ಕಂಗೆ, ಮತ್ತೆ ನಿಮಗೆಲ್ಲರಿಗೂ

ಹೋದ ವಾರ ಮಗಳ ಹೈಸ್ಕೂಲ್ ಗ್ರಾಜುಯೇಶನ್ ಆಯ್ತು. ಫೋಟೋ ಹಾಕಿದ್ದಕ್ಕೆ ನೀವೆಲ್ಲ ಬರೆದಿದ್ದನ್ನ ಒಂದೊಂದೂ ಓದಿದೀನಿ. ಒಬ್ಬೊಬ್ಬರಿಗೂ ಉತ್ತರ ಬರೀಬೇಕು ಅಂತ ಕೂತ್ಕೊಂಡೆ, ನಾಲ್ಕು ಜನಕ್ಕೆ ಬರೆಯೋಷ್ಟರಲ್ಲಿ ಕಣ್ಣು ಮಂಜಾಗಿ ಮುಂದೆ ಆಗ್ಲಿಲ್ಲ, ಅದಕ್ಕೇ ಎಲ್ಲರಿಗೂ ಒಟ್ಟಿಗೆ ಇಲ್ಲೇ ಬರೀತಿದೀನಿ. ಇದನ್ನ ಮಗಳಿಗೆ ಪೂರ್ತಿ ಓದಿ ಹೇಳಿದೀನಿ. ಹೆಸರು ಹಾಕಬೇಡ ಅಂದ್ಲು, ಎರಡು ಕಡೆ ತೆಗೆಸಿದ್ಲು, ಮಿಕ್ಕಿದ್ದಕ್ಕೆ ಸರಿ ಅಂದ್ಲು.

ಅವಳನ್ನ ಮಾನಸಿಕ ಚಿಕಿತ್ಸೆಗೆ ಅಂತ ಮನೆಯಿಂದ ದೂರ ಯೂಟಾ ರಾಜ್ಯಕ್ಕೆ ಯಾಕೆ ಕಳಿಸಬೇಕಾಯ್ತು, ಆ ಬೇಸಿಗೇಲಿ ಏನೇನಾಯ್ತು, ಎಮರ್ಜೆನ್ಸಿ ರೂಮಲ್ಲಿ ಒಂದು ಬೆಡ್‌ಗೆ ಎಷ್ಟು ಹೊತ್ತು ಕಾದ್ವಿ, ಅವೆಲ್ಲ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದೋರು ದಯವಿಟ್ಟು ಕೇಳಬೇಡಿ, ಅದು ಅವಳ ಕಥೆ, ಹೇಳಬೇಕು ಅನ್ಸಿದ್ರೆ ಅವಳೇ ಹೇಳ್ತಾಳೆ. ನಾನು ಬರೀಬೇಕು ಅಂತಿರೋದು ಜೊತೆಗಿದ್ದವರ ಬಗ್ಗೆ ಮಾತ್ರ.

ಮಗನನ್ನ ಎಂಟು ತಿಂಗಳು ಸ್ಕೂಲಿಗೆ ಬಿಟ್ಟು ಕರ್ಕೊಂಡು ಬಂದ ಕಾರ್‌ಪೂಲ್ ಅಮ್ಮಂದಿರು, ಏನಾಯ್ತು ಅಂತ ಒಂದು ಸಲವೂ ಕೇಳದೆ ಅವನಿಗೆ ಊಟ ಹಾಕಿ ಹೋಂವರ್ಕ್ ಮಾಡಿಸಿ ಕಳಿಸಿದ ಎದುರು ಮನೆಯವರು, ಭಾನುವಾರದ ಕನ್ನಡ ಕ್ಲಾಸಿನ ಟೀಚರ್‌ಗಳು, 504 ಪ್ಲಾನ್ (ಕಾಯಿಲೆ ಇರೋ ಮಗುವಿಗೆ ಸ್ಕೂಲಲ್ಲಿ ಬೇಕಾದ ಅನುಕೂಲಗಳನ್ನ ಬರೆದಿಡೋದು) ಮಾಡಿಕೊಟ್ಟು ವಾಪಸ್ ಬಂದ ಮಗಳನ್ನ ಹೊಸಬಳ ಥರ ನೋಡದೆ ಹಳೇ ಲಾಕರ್‌ನೇ ಕೊಡಿಸಿದ ಸ್ಕೂಲ್ ಕೌನ್ಸಿಲರ್, ದಿನಾ ಬೆಳಗ್ಗೆ ಮೈಸೂರಿಂದ ಫೋನ್ ಮಾಡಿ "ಊಟ ಆಯ್ತಾ" ಅಂತ ಮಾತ್ರ ಕೇಳ್ತಿದ್ದ ನಮ್ಮಮ್ಮ, ಎಲ್ಲರಿಗೂ ಕೈ ಮುಗೀತೀನಿ. ಇನ್ಶೂರೆನ್ಸ್ ಅಪೀಲು ಬರೆದುಕೊಟ್ಟ ನನ್ನ ಕಲೀಗ್‌ಗೆ ಬೇರೆಯಾಗೇ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಎಸ್‌ಬಿ 855 ಅಂತ ಕಾನೂನಿದೆ, 2021ರ ಜನವರಿಯಿಂದ ಜಾರಿಯಲ್ಲಿದೆ, ಮಾನಸಿಕ ಕಾಯಿಲೆಗೆ ಅಗತ್ಯ ಇರೋ ಚಿಕಿತ್ಸೆಗೆ ಇನ್ಶೂರೆನ್ಸ್ ಕಂಪನಿ ಸುಮ್ಮಸುಮ್ಮನೆ ಇಲ್ಲ ಅನ್ನೋ ಹಾಗಿಲ್ಲ ಅಂತ ಅವನಿಂದಲೇ ನನಗೆ ಗೊತ್ತಾಗಿದ್ದು. ಎರಡು ಸಲ ಆಗಲ್ಲ ಅಂದಿದ್ದನ್ನ ಮೂರನೇ ಸಲ ಒಪ್ಪಿದ್ರು. ಯೂಟಾಗೆ ಸುರಿದ ದುಡ್ಡಂತೂ ವಾಪಸ್ ಬರ್ಲಿಲ್ಲ, ಮನೆ ಮೇಲೆ ತೆಗೆದ ಸಾಲ ಇನ್ನೂ ಕಟ್ತಿದೀವಿ, ಅದು ಇರ್ಲಿ.

ಈಗ ರೊಟ್ಟಿ ಅಕ್ಕ.

ಫ್ರೀಮಾಂಟ್‌ನಲ್ಲಿ ಇರೋರಿಗೆ ಯಾರು ಅಂತ ಗೊತ್ತಾಗುತ್ತೆ. ಗದಗ ಕಡೆಯವರು, ಮಗನ ಮನೇಲಿದಾರೆ, ಜೋಳದ ರೊಟ್ಟಿ ಆರ್ಡರ್ ತಗೋತಾರೆ, ಕೈಗೆ ಕಟ್ಟಿರೋ ವಾಚ್‌ನಲ್ಲಿ ಇವತ್ತಿಗೂ ಊರಿನ ಟೈಮೇ ಇಟ್ಟಿದಾರೆ. ಅವತ್ತಿನ ತನಕ ನಮಗೂ ಅವರಿಗೂ ಇದ್ದ ಸಂಬಂಧ ಅಂದ್ರೆ ವಾರಕ್ಕೆ ಹದಿನೈದು ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ, ಅಷ್ಟೇ.

2022ರ ಅಕ್ಟೋಬರ್. ದಸರಾ ಮುಗಿದಿತ್ತು, ಗೊಂಬೆಗಳನ್ನ ಎತ್ತಿಡಕ್ಕೂ ನನ್ನ ಕೈಲಿ ಆಗಿರ್ಲಿಲ್ಲ, ಮೆಟ್ಟಿಲು ಮೇಲೆ ಹಾಗೇ ನಿಂತಿದ್ವು. ಆ ರಾತ್ರಿ ಕಳೆದು ಬೆಳಗಿನ ಜಾವ ನಾಲ್ಕು ಗಂಟೆಗೆ ಇಬ್ಬರು ಬರೋದು ಅಂತ ಫಿಕ್ಸ್ ಆಗಿತ್ತು. ಗೊತ್ತಿಲ್ಲದೋರಿಗೆ ಹೇಳ್ತೀನಿ, ಇಲ್ಲಿ ಅದಕ್ಕೇ ಅಂತ ಕಂಪನಿಗಳಿವೆ, ಟ್ರಾನ್ಸ್‌ಪೋರ್ಟ್ ಅಂತಾರೆ. ಅಪ್ಪ ಅಮ್ಮ ಪೇಪರ್‌ಗೆ ಸೈನ್ ಹಾಕಿದ್ರೆ ಮಗು ನಿದ್ದೇಲಿರುವಾಗ ಗುರುತು ಪರಿಚಯ ಇಲ್ಲದ ಇಬ್ಬರು ದೊಡ್ಡವರು ಬಂದು ಎಬ್ಬಿಸಿ ಕರ್ಕೊಂಡು ಹೋಗ್ತಾರೆ, ಮೊದಲೇ ಹೇಳಿದ್ರೆ ಓಡಿ ಹೋಗ್ತಾರೆ ಅಂತ ಮಗುವಿಗೆ ಏನೂ ಹೇಳಿರಲ್ಲ. ಯಾವ ಪ್ರೋಗ್ರಾಂ ಸರಿ ಅಂತ ಹೇಳೋಕೆ ದುಡ್ಡು ಕೊಟ್ಟು ಇಟ್ಕೊಂಡಿದ್ದ ಕನ್ಸಲ್ಟೆಂಟ್ ಇದೇ ಸೇಫ್ ಅಂದಿದ್ರು. ನಾವು ಸೈನ್ ಹಾಕಿದ್ವಿ. ನಾನು ಹಾಕಿದೆ. ಹದಿನೈದು ವರ್ಷದ ಮಗಳು ಮೇಲ್ಗಡೆ ರೂಮಲ್ಲಿ ಮಲಗಿದ್ಲು, ನಾನು ಕೆಳಗೆ ಅವಳ ಸಾಕ್ಸ್ ಜೋಡಿಸಿ ಬ್ಯಾಗಿಗೆ ತುಂಬ್ತಿದ್ದೆ.

ರಾತ್ರಿ ಒಂಬತ್ತೂವರೆಗೆ ಅಕ್ಕ ರೊಟ್ಟಿ ಕೊಡಕ್ಕೆ ಬಂದ್ರು. ಆರ್ಡರ್ ಮಾಡಿದ್ದೇ ನಂಗೆ ಮರ್ತುಹೋಗಿತ್ತು. ಬಾಗಿಲಲ್ಲೇ ಬ್ಯಾಗ್ ನೋಡಿದ್ರು, ನನ್ನ ಮುಖ ನೋಡಿದ್ರು, "ಯಾಕ ತಂಗಿ, ಎಲ್ಲಿಗ್ ಹೊಂಟೀರಿ" ಅಂದ್ರು. ಒಂದು ವರ್ಷದಿಂದ ಯಾರ ಹತ್ರಾನೂ ಬಾಯಿ ಬಿಡದೆ ಇದ್ದವಳು ಚಪ್ಪಲಿ ಬಿಡೋ ಜಾಗದಲ್ಲೇ ನಿಂತು ಅಷ್ಟೂ ಹೇಳಿಬಿಟ್ಟೆ. ಅವರು ಮಧ್ಯದಲ್ಲಿ ಒಂದು ಮಾತೂ ಆಡ್ಲಿಲ್ಲ, ಕಡೇಲಿ ಕೇಳಿದ್ದು ಒಂದೇ, "ಕೂಸಿಗೆ ಹೇಳೀರೇನು?"

ಇಲ್ಲ ಅಂದೆ.

"ಹೇಳಲಾರದ ನಿದ್ದಿಗಣ್ಣಾಗ ಎಬ್ಬಿಸಿ ಒಯ್ತಾರಂದ್ರ? ಬ್ಯಾಡ ತಂಗಿ. ಆಕಿ ಜೀವ ಇರೂತನಕ ಬಾಗಲಾ ಬಡದ್ರ ಅಂಜತಾಳ. ಹೋಗೂದು ಖರೇನ ಆದ್ರ ನೀವ ಒಯ್ರಿ. ನಾನೂ ಬರ್ತೇನಿ. ಹಿಂದ ಕೂಡ್ತೇನಿ, ಆಕಿ ಜೋಡಿ."

ನಮ್ಮನೆಯವರು ಹತ್ತು ನಿಮಿಷ ಹೊರಗೆ ಹೋಗಿ ನಿಂತು ಬಂದು ಕಂಪನಿಗೆ ಫೋನ್ ಮಾಡಿ ಕ್ಯಾನ್ಸಲ್ ಮಾಡಿದ್ರು. ಅಕ್ಕ ಮಗನಿಗೆ ಫೋನ್ ಮಾಡಿ ನಾಳೆ ನಾಡಿದ್ದು ಬರಲ್ಲ ಅಂತ ಹೇಳಿ ಮೆಟ್ಟಿಲು ಹತ್ತಿದ್ರು.

ಆ ರಾತ್ರಿ ಬಗ್ಗೆ ಜಾಸ್ತಿ ಬರೆಯಲ್ಲ. ನಾನೇ ಹೇಳಿದೆ, ಅವಳು ಕೂಗಾಡಿದ್ಲು, ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡ್ಲು. ಆ ದಿನಗಳಲ್ಲಿ ಆ ಬಾಗಿಲು ಹಾಕ್ಕೊಂಡ್ರೆ ನಮಗೆ ಉಸಿರೇ ನಿಂತುಹೋಗ್ತಿತ್ತು, ಲಾಕ್ ತೆಗೆಸಿಬಿಟ್ಟಿದ್ವಿ, ಆದ್ರೂ ಅವಳು ಬೆನ್ನು ಕೊಟ್ಟು ಒಳಗಡೆ ಕೂತಿದ್ಲು. ಅಕ್ಕ ಹೊರಗಡೆ ಅದೇ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ್ರು. ಸಮಾಧಾನ ಮಾಡ್ಲಿಲ್ಲ, ಬುದ್ಧಿ ಹೇಳ್ಲಿಲ್ಲ. ಹತ್ತು ಹದಿನೈದು ನಿಮಿಷಕ್ಕೊಂದು ಸಲ "ಇಲ್ಲೇ ಇದೇನಿ" ಅಂತಿದ್ರು. ಅಷ್ಟೇ. ಮೂರು ಗಂಟೆ ಆಯ್ತು, ಮೂರೂವರೆ ಆಯ್ತು. ನಾಲ್ಕಕ್ಕೆ ಒಳಗಿಂದ ಕನ್ನಡದಲ್ಲೇ ಕೇಳಿದ್ಲು, "ನೀವು ನಿಜವಾಗ್ಲೂ ಬರ್ತೀರಾ?" ಬೇರೆಯವರು ಬರಬೇಕಾಗಿದ್ದ ಹೊತ್ತು ಅದು. ನಾನು ಗಡಿಯಾರ ನೋಡಿದ್ದು ಇವತ್ತಿಗೂ ನೆನಪಿದೆ.

ಫ್ರೀಮಾಂಟಿಂದ ಯೂಟಾದ ಸಾಲ್ಟ್ ಲೇಕ್ ಸಿಟಿಗೆ ಐ-80 ಹೈವೇಲಿ 700 ಮೈಲಿ ಮೇಲೇ ಆಗುತ್ತೆ. ರೀನೋ ದಾಟೋ ತನಕ ಕಾರಲ್ಲಿ ಯಾರೂ ಮಾತಾಡ್ಲಿಲ್ಲ. ವಿನ್ನೆಮಕ್ಕಾದಲ್ಲಿ ಗ್ಯಾಸ್ ಹಾಕಿಸುವಾಗ ಅಕ್ಕ ಡಬ್ಬಿ ಬಿಚ್ಚಿ ರೊಟ್ಟಿಗೆ ಗುರೆಳ್ಳು ಚಟ್ನಿ ಸವರಿ ಸುರುಳಿ ಸುತ್ತಿ ಕೊಟ್ರು, ಎರಡು ದಿನದಿಂದ ಏನೂ ತಿಂದಿರದ ಮಗು ಒಂದು ತಿಂದು ಇನ್ನೊಂದಕ್ಕೆ ಕೈ ಚಾಚಿದ್ಲು. ಎಲ್ಕೋ ಬಿಟ್ಟ ಮೇಲೆ ಅಕ್ಕನ ತೊಡೆ ಮೇಲೆ ತಲೆ ಇಟ್ಟು ನಿದ್ದೆ ಹೋದ್ಲು. ಅಲ್ಲಿಂದ ವೆಂಡೋವರ್‌ಗೆ ನೂರು ಮೈಲಿಗೂ ಜಾಸ್ತಿ, ಅಷ್ಟು ದೂರ ಅಕ್ಕ ಕಾಲು ಅಲ್ಲಾಡಿಸ್ಲಿಲ್ಲ. ನಾನು ಮುಂದಿನ ಸೀಟಲ್ಲಿ ಕನ್ನಡಿ ಬಗ್ಗಿಸ್ಕೊಂಡು ಅದನ್ನೇ ನೋಡ್ತಿದ್ದೆ. ಆ ಜಾಗದಲ್ಲಿ ನಾನು ಕೂರೋ ಹಾಗಿರ್ಲಿಲ್ಲ, ಅವತ್ತು ಅವಳು ನನ್ನ ಮುಟ್ಟಿಸ್ಕೊಳ್ತಿರ್ಲಿಲ್ಲ.

ವೆಂಡೋವರ್ ದಾಟಿದ ಮೇಲೆ ಬಾನವಿಲ್ ಉಪ್ಪಿನ ಬಯಲು ಬರುತ್ತಲ್ಲ, ಕಣ್ಣು ಹಾಯಿಸಿದಷ್ಟೂ ಬೆಳ್ಳಗೆ. ಎದ್ದು "ಸ್ನೋ ಬಿದ್ದಿದ್ಯಾ" ಅಂದ್ಲು. ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿದ್ವಿ. ಅಕ್ಕ ಕುಂಟುತ್ತಾ ಇಳಿದು ಬಗ್ಗಿ ಒಂದು ಚಿಟಿಕೆ ತಗೊಂಡು ನಾಲಿಗೆಗೆ ಇಟ್ಕೊಂಡು "ಉಪ್ಪ ಐತಿ! ಇಷ್ಟೂ ಉಪ್ಪ!" ಅಂದ್ರು. ಮಗಳೂ ಬೆರಳು ಅದ್ದಿ ನೆಕ್ಕಿದ್ಲು, ಮುಖ ಹಿಂಡಿದ್ಲು, ಆಮೇಲೆ ನಕ್ಕಳು. ಎಷ್ಟೋ ತಿಂಗಳ ಮೇಲೆ. ಮಾರನೇ ದಿನ ಆಫೀಸಲ್ಲಿ ಅವಳ ಕಿವಿ ಓಲೆ, ಕೈಯಲ್ಲಿದ್ದ ದಾರ ಎಲ್ಲ ಬಿಚ್ಚಿಸಿ ಜಿಪ್‌ಲಾಕ್ ಕವರ್‌ಗೆ ಹಾಕಿ ನನ್ನ ಕೈಗೆ ಕೊಟ್ಟಾಗ ನಾನು ಆ ನಗು ನೆನೆಸ್ಕೊಂಡು ನಿಂತ್ಕೊಂಡಿದ್ದೆ.

ಮೊದಲನೇದು ವೈಲ್ಡರ್‌ನೆಸ್ ಪ್ರೋಗ್ರಾಂ, ಹತ್ತು ವಾರ, ಮರುಭೂಮಿಯಲ್ಲಿ ಟಾರ್ಪ್ ಕೆಳಗೆ ಮಲಗೋದು, ನಡಿಯೋದು, ಕಟ್ಟಿಗೆ ಉಜ್ಜಿ ಬೆಂಕಿ ಮಾಡೋದು. ಫೋನಿಲ್ಲ, ಕಾಗದ ಮಾತ್ರ. ಚಳಿಯಲ್ಲಿ ಆ ಮಕ್ಕಳ ಜೊತೆಗೇ ಮಲಗೆದ್ದ ಫೀಲ್ಡ್ ಸ್ಟಾಫ್ ಹುಡುಗಿಯೊಬ್ಬಳನ್ನ ಮಗಳು ಈಗಲೂ ನೆನೆಸ್ತಾಳೆ, ಆಕೆಗೆ ಧನ್ಯವಾದ. ನಾವು ಬರೆದ ಕಾಗದಾನ ಥೆರಪಿಸ್ಟ್ ಮೊದಲು ಓದ್ತಿದ್ರು, ಇಂಗ್ಲಿಷಲ್ಲೇ ಇರಬೇಕಿತ್ತು. ಅಕ್ಕಂಗೆ ಇಂಗ್ಲಿಷ್ ಬರೆಯಕ್ಕೆ ಬರಲ್ಲ. ಅವರೇನು ಮಾಡಿದ್ರು ಅಂದ್ರೆ ಬಿಳೀ ಹಾಳೆ ಮೇಲೆ ಅಂಗೈ ಇಟ್ಟು ಸುತ್ತಲೂ ಪೆನ್ನಲ್ಲಿ ಗೆರೆ ಎಳೆದು ಕೊಟ್ರು. ಪ್ರತಿ ಭಾನುವಾರ ಒಂದು ಕೈ. ಒಂದು ವಾರ ಹೆಬ್ಬೆರಳು ದಪ್ಪಗೆ ಬಂದಿತ್ತು, ಹಂಚು ತಾಗಿ ಸುಟ್ಟು ಬ್ಯಾಂಡೇಜ್ ಹಾಕಿದ್ರು. ನಾನು ಅದನ್ನ ಗಮನಿಸೇ ಇರ್ಲಿಲ್ಲ. ಮಗಳ ಮುಂದಿನ ಕಾಗದದಲ್ಲಿ ಮೊದಲನೇ ಸಾಲೇ ಅದು, ಅಜ್ಜಿ ಹೆಬ್ಬೆರಳಿಗೆ ಏನಾಯ್ತು?

ಆಮೇಲೆ ನಾವು ಮಾಡಿದ ತಪ್ಪು. ವೈಲ್ಡರ್‌ನೆಸ್ ಮುಗಿಸಿದ ಮಕ್ಕಳಲ್ಲಿ ಎಷ್ಟೋ ಜನಾನ ಮನೆಗೆ ಕಳಿಸಲ್ಲ, ಇನ್ನೊಂದು ರೆಸಿಡೆನ್ಶಿಯಲ್ ಸೆಂಟರ್‌ಗೆ, ಅಂದ್ರೆ ಅಲ್ಲೇ ಇದ್ದು ಚಿಕಿತ್ಸೆ ತಗೊಳ್ಳೋ ಜಾಗಕ್ಕೆ, ಹೋಗಬೇಕು ಅಂತಾರೆ, ಇಲ್ಲಾಂದ್ರೆ ಕಲ್ತಿದ್ದೆಲ್ಲ ಹಾಳು ಅಂತಾರೆ. ಹೆದರಿದ್ವಿ, ಒಪ್ಪಿದ್ವಿ. ಆ ಜಾಗದ ಹೆಸರು ಬರೆಯಲ್ಲ. ಶುರುನಲ್ಲೇ ನಮಗೆ ಹೇಳಿಕೊಟ್ಟಿದ್ರು, ನಿಮ್ಮ ಮಗಳು ದೂರು ಹೇಳ್ತಾಳೆ, ನಂಬಬೇಡಿ, ಅದು ಮ್ಯಾನಿಪ್ಯುಲೇಶನ್, ಪ್ರೋಸೆಸ್ ನಂಬಿ. ವಾರಕ್ಕೊಂದು ಫೋನ್, ಸ್ಪೀಕರ್‌ನಲ್ಲಿ, ಪಕ್ಕದಲ್ಲಿ ಸ್ಟಾಫ್, ಇಂಗ್ಲಿಷ್ ಮಾತ್ರ. ಅವಳು ಒಂದು ಸಲ ನನಗೆ ಇಲ್ಲಿ ಭಯ ಆಗುತ್ತೆ ಅಂದ್ಲು. ನಾನು, ಹೆತ್ತ ತಾಯಿ, ಟ್ರಸ್ಟ್ ದಿ ಪ್ರೋಸೆಸ್ ಕಂದ ಅಂದೆ. ಫೋನ್ ಆ ಕಡೆ ಸುಮ್ಮನಾಯ್ತು. ಆ ಸುಮ್ಮನಾಗಿದ್ದು ನಂಗೆ ಈಗಲೂ ರಾತ್ರಿ ಕೇಳ್ಸುತ್ತೆ. ಅವಳು ಕ್ಷಮಿಸಿದೀನಿ ಅಂತಾಳೆ. ನನಗೆ ಇನ್ನೂ ಆಗಿಲ್ಲ, ಆಗುತ್ತೋ ಇಲ್ವೋ.

ಹನ್ನೊಂದನೇ ವಾರದ ಫೋನಲ್ಲಿ ಸ್ಕೂಲು, ಊಟ ಅಂತ ಏನೇನೋ ಇಂಗ್ಲಿಷಲ್ಲಿ ಹೇಳ್ತಿದ್ದವಳು ಅದೇ ದನಿಯಲ್ಲಿ, ಒಂಚೂರೂ ಏರಿಳಿತ ಇಲ್ದೆ, ಕನ್ನಡಕ್ಕೆ ತಿರುಗಿ "ಅಜ್ಜಿಗೆ ಹೇಳು, ಮಾತಾಡಕ್ ಬಿಡಲ್ಲ, ಒಂಬತ್ತು ದಿನ ಆಯ್ತು" ಅಂದ್ಲು. ಲೈನ್ ಕಟ್ ಆಯ್ತು. ಬೇರೆ ಹುಡುಗಿಯರ ಜೊತೆ ಮಾತಾಡಬಾರದು, ಕಣ್ಣೆತ್ತಿ ನೋಡಬಾರದು ಅನ್ನೋ ಶಿಕ್ಷೆ ಅದು, ಅದಕ್ಕೆ ಅವರದೇ ಒಂದು ಹೆಸರಿದೆ. ಮೂರನೇ ಕ್ಲಾಸಿಂದ ನನ್ನ ಹತ್ರ ಕನ್ನಡ ಮಾತಾಡೋದು ಬಿಟ್ಟಿದ್ದ ಹುಡುಗಿ. ಅಮ್ಮಂಗೆ ಹೇಳಿದ್ರೆ ನಂಬಲ್ಲ ಅಂತ ಗೊತ್ತಿತ್ತು ಅವಳಿಗೆ, ಅದಕ್ಕೇ "ಅಜ್ಜಿಗೆ ಹೇಳು" ಅಂದಿದ್ದು. ನಾನು ಹೇಳ್ದೆ. ಅಕ್ಕ ಫೋನಲ್ಲಿ ಒಂದೇ ಮಾತು ಅಂದ್ರು, "ಮೊದಲ ಕರಕೊಂಡ ಬರ್ರಿ."

ಟೆಕ್ಸಾಸ್‌ನ ಒಬ್ಬ ತಾಯಿ, ಮುಖಾನೂ ನೋಡಿಲ್ಲ, ಪೇರೆಂಟ್ಸ್ ಗ್ರೂಪಲ್ಲಿ ಪರಿಚಯ ಅಷ್ಟೇ, ಆ ರಾತ್ರಿ ಒಂದು ಗಂಟೆ ತನಕ ಫೋನಲ್ಲಿದ್ದು ಯೂಟಾದಲ್ಲಿ 2021ರಲ್ಲೇ ಕಾನೂನು ಬಂದಿದೆ, ವಾರಕ್ಕೊಂದು ಸಲ ಮನೆಯವರ ಜೊತೆ ಯಾರೂ ಕೇಳಿಸಿಕೊಳ್ಳದ ಹಾಗೆ ಮಾತಾಡಕ್ಕೆ ಬಿಡಲೇಬೇಕು ಅಂತ ಹೇಳಿಕೊಟ್ರು. ಆ ಕಾನೂನು ಸುಮ್ಮನೆ ಬಂದಿದ್ದಲ್ಲ. ಚಿಕ್ಕ ವಯಸ್ಸಲ್ಲಿ ಇಂಥ ಜಾಗಗಳಲ್ಲಿ ಇದ್ದು ಬಂದವರು ವರ್ಷಗಟ್ಟಲೆ ಮಾತಾಡಿದ್ದಕ್ಕೆ ಬಂದಿದ್ದು. ಹಿಲ್ಟನ್ ಹೋಟೆಲ್ ಮನೆತನದ ಪ್ಯಾರಿಸ್ ಹಿಲ್ಟನ್ 2021ರ ಫೆಬ್ರವರಿಯಲ್ಲಿ ಯೂಟಾ ಸೆನೆಟ್ ಕಮಿಟಿ ಮುಂದೆ ಕೂತು ಹದಿನೇಳನೇ ವಯಸ್ಸಲ್ಲಿ ತನಗೇನಾಯ್ತು ಅಂತ ಹೇಳಿದ್ದಾರೆ. ನಾನು ಅದನ್ನ ಕಳಿಸೋಕೆ ಮುಂಚೆನೇ ನೋಡಿದ್ದೆ, ದೊಡ್ಡವರ ಮನೆ ಹುಡುಗಿ, ನಮ್ಮ ಕೇಸ್ ಬೇರೆ ಅಂದ್ಕೊಂಡಿದ್ದೆ. ಹೀಗೆ ಬಾಯಿ ಬಿಟ್ಟು ಹೇಳಿದ ಪ್ರತಿಯೊಬ್ಬರಿಗೂ ನಾನು ಋಣಿ, ಅವತ್ತು ಕಿವಿಗೊಡದೆ ಇದ್ದಿದ್ದಕ್ಕೆ ಕ್ಷಮೆ ಕೇಳ್ತೀನಿ. 2024ರ ಫೆಬ್ರವರಿಯಲ್ಲಿ ನಾರ್ತ್ ಕ್ಯಾರೋಲೈನಾದ ಇಂಥದ್ದೇ ಒಂದು ವೈಲ್ಡರ್‌ನೆಸ್ ಕ್ಯಾಂಪಲ್ಲಿ 12 ವರ್ಷದ ಹುಡುಗ ಬಂದ ಮಾರನೇ ದಿನವೇ ತೀರಿಹೋದ ಸುದ್ದಿ ಓದಿದ ದಿನ ನಾನು ಮಗಳ ರೂಮಿನ ಬಾಗಿಲಲ್ಲಿ ನಿಂತು ಅವಳು ಉಸಿರಾಡೋದನ್ನ ನೋಡ್ತಿದ್ದೆ. ಆ ವರ್ಷ ಡಿಸೆಂಬರಲ್ಲಿ ಇಡೀ ದೇಶಕ್ಕೆ ಅಂತ ಒಂದು ಕಾನೂನಿಗೆ ಅಧ್ಯಕ್ಷರ ಸೈನ್ ಬಿತ್ತು. ಅದರಿಂದ ಯಾವ ಸೆಂಟರೂ ಮುಚ್ಚಲ್ಲ, ಏನು ನಡೀತಿದೆ ಅಂತ ಸ್ಟಡಿ ಮಾಡಕ್ಕೆ ಹೇಳುತ್ತೆ ಅಷ್ಟೇ. ಆದ್ರೂ ಇಲ್ಲಿನ ಸಂಸತ್ತಿನ ಕೆಳಮನೆ ಹೌಸ್‌ನಲ್ಲಿ 373 ಜನ ಹೌದು ಅಂದ್ರು.

ಎರಡನೇ ದಿನಕ್ಕೇ ಹೋಗಿ ಕರ್ಕೊಂಡು ಬಂದ್ವಿ. ಅಕ್ಕ ಅಷ್ಟರಲ್ಲಿ ನಮ್ಮನೆಗೆ ಬಂದು ಅವಳ ರೂಮಲ್ಲಿ ನೆಲದ ಮೇಲೆ ಚಾಪೆ ಹಾಸಿದ್ರು. ಎರಡು ವಾರ ಅಲ್ಲೇ ಮಲಗಿದ್ರು. ರಾತ್ರಿ ಅವಳು ಬೆಚ್ಚಿ ಎದ್ರೆ ಕೆಳಗಿಂದ "ಇಲ್ಲೇ ಇದೇನಿ" ಅಂತ ಕೇಳ್ಸೋದು ನಮ್ಮ ರೂಮಿಗೂ.

ಆಮೇಲೆ ಸಿಕ್ಕಿದ್ದು ಇಲ್ಲೇ ಹತ್ತಿರದಲ್ಲಿ ಆರೇ ಆರು ಬೆಡ್‌ನ ಒಂದು ಮನೆ. ದಿನಾ ಫೋನು, ಪ್ರತಿ ಭಾನುವಾರ ಹೋಗಬಹುದು, ವಾರಕ್ಕೊಂದು ಸಲ ನಾವೂ ಕೂತು ಮಾತಾಡಬೇಕು. ಎರಡು ತಿಂಗಳು. ಅಲ್ಲಿ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ತಡೆಯಕ್ಕಾಗದ ಭಾವನೆಗಳನ್ನ ನಿಭಾಯಿಸೋದು ಕಲಿಸೋ ಚಿಕಿತ್ಸೆ) ಹೇಳಿಕೊಟ್ಟ ಹುಡುಗಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ ಅನ್ಸುತ್ತೆ, ಆಕೆಗೆ ನಮಸ್ಕಾರ. ತಡ್ಕೊಳ್ಳಕ್ಕೆ ಆಗದೇ ಇರೋ ಹೊತ್ತಲ್ಲಿ ಅಂಗೈಲಿ ಐಸ್ ಹಿಡ್ಕೊಳ್ಳೋದು ಅಲ್ಲಿ ಕಲಿತಿದ್ದು, ಈಗಲೂ ನಮ್ಮ ಫ್ರೀಜರ್‌ನಲ್ಲಿ ಅದಕ್ಕೇ ಅಂತ ಒಂದು ಟ್ರೇ ಇರುತ್ತೆ. ಈ ಚಿಕಿತ್ಸೆ ಶುರು ಮಾಡಿದ ಮಾರ್ಷಾ ಲಿನೆಹನ್ ಅವರನ್ನೂ 1961ರಲ್ಲಿ, ಹದಿನೇಳು ವರ್ಷದವರಿದ್ದಾಗ, ಆಸ್ಪತ್ರೆಗೆ ಸೇರಿಸಿ ಒಂಟಿ ರೂಮಲ್ಲಿ ಇಟ್ಟಿದ್ರಂತೆ, 2011ರಲ್ಲಿ ಅವರೇ ಎಲ್ಲರ ಮುಂದೆ ಹೇಳಿದಾರೆ. ಆ ಹುಡುಗಿ ಇದನ್ನ ಹೇಳಿದಾಗ ಮಗಳು "ಅವರನ್ನೂ ಕೂಡಿಹಾಕಿದ್ರಾ" ಅಂತ ಎರಡು ಸಲ ಕೇಳಿದ್ಲಂತೆ. ಅವತ್ತಿಂದ ಕ್ಲಾಸ್ ತಪ್ಪಿಸ್ಲಿಲ್ಲ.

ಬೆಂಗಳೂರಲ್ಲಿ ನರ್ಸ್ ಆಗಿರೋ ನಮ್ಮ ಕಸಿನ್ ಹತ್ರ ಇದೆಲ್ಲ ಹೇಳ್ಕೊಂಡು ಅತ್ತಾಗ ಅವಳು ಕೇಳಿದ್ದು, ಮಗು ಜೊತೆ ಯಾರಿದ್ರು ಅಲ್ಲಿ, ಅಂತ. ಯಾರೂ ಇರೋ ಹಾಗಿಲ್ಲ ಕಣೆ ಅಂದೆ. ಅವಳಿಗೆ ಅದು ಅರ್ಥನೇ ಆಗ್ಲಿಲ್ಲ. ನಿಮ್ಹಾನ್ಸ್‌ನಲ್ಲಿ ಮಕ್ಕಳನ್ನ ಅಡ್ಮಿಟ್ ಮಾಡಿದ್ರೆ ಮನೆಯವರೊಬ್ಬರು ಜೊತೆಗಿರ್ತಾರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಅದೇ ಇದೆ, ಅಡ್ಮಿಟ್ ಆಗಿರೋಷ್ಟು ದಿನವೂ ಮಗುವಿನ ಪರವಾಗಿರೋರು ಜೊತೆಯಲ್ಲೇ ಇರಬೇಕು ಅಂತ. ಅಲ್ಲೂ ಕಷ್ಟಗಳು ಇದ್ದೇ ಇರುತ್ವೆ, ನಾನು ಊರು ದೊಡ್ಡದು ಅಂತ ಹೇಳ್ತಿಲ್ಲ. ಆದ್ರೆ ಯಾವ ಕಾಯ್ದೆನೂ ಓದದ ಅಕ್ಕ ರಾತ್ರಿ ಒಂಬತ್ತೂವರೆಗೆ ನಮ್ಮನೆ ಬಾಗಿಲಲ್ಲಿ ನಿಂತು ಹೇಳಿದ್ದೂ ಅದನ್ನೇ ಅಲ್ವಾ ಅಂತ ಅನ್ನಿಸ್ತು.

ಹೋದ ತಿಂಗಳು ಇಬ್ಬರು ಫೋನ್ ಮಾಡಿ ಕಳಿಸ್ಲಾ ಬೇಡ್ವಾ ಅಂತ ಕೇಳಿದ್ರಿ. ನಾನು ಯಾರಿಗೂ ಹೂಂ ಅನ್ನಲ್ಲ, ಊಹೂಂ ಅಂತಾನೂ ಅನ್ನಲ್ಲ, ಆ ಹೆದರಿಕೆ ಎಂಥದ್ದು ಅಂತ ಗೊತ್ತು ನಂಗೆ. ಇಷ್ಟು ಮಾತ್ರ ಕೇಳಿ. ಮಗು ಜೊತೆ ಒಂಟಿಯಾಗಿ ಮಾತಾಡಕ್ಕೆ ಬಿಡ್ತಾರಾ, ಯಾವಾಗ ಬೇಕಾದ್ರೂ ಹೋಗಿ ನೋಡಬಹುದಾ. ಇಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ. ಮತ್ತೆ ಮಗು ದೂರು ಹೇಳಿದ್ರೆ ಮೊದಲು ನಂಬಿ. ರಾತ್ರಿ ಎಷ್ಟೊತ್ತಿಗೆ ಬೇಕಾದ್ರೂ ನಂಗೆ ಫೋನ್ ಮಾಡಿ, ನಿಜವಾಗ್ಲೂ.

ಅಕ್ಕ, ಇದನ್ನ ನಿಮ್ಮ ಮಗ ಓದಿ ಹೇಳ್ತಾನೆ ಅಂತ ಗೊತ್ತು. ನೀವು ಕಳಿಸಿದ ಇಪ್ಪತ್ತೊಂದು ಕೈನೂ ಅವಳ ಹತ್ರ ಇದೆ, ಶೂ ಬಾಕ್ಸಲ್ಲಿ, ಕಾಲೇಜಿಗೆ ತಗೊಂಡು ಹೋಗೋ ಸಾಮಾನಿನ ಜೊತೆ ಇಟ್ಕೊಂಡಿದಾಳೆ. ಬರೋ ಶನಿವಾರ ಬೆಳಗ್ಗೆ ಐದಕ್ಕೆ ಬರ್ತೀವಿ, ರೆಡಿ ಇರಿ, ಆ ಉಪ್ಪಿನ ಬಯಲು ಇನ್ನೊಂದು ಸಲ ನೋಡಬೇಕಂತೆ ಅವಳಿಗೆ. ಲೈಸೆನ್ಸ್ ಸಿಕ್ಕಿದೆ, ಅವಳೇ ಓಡಿಸ್ತಾಳೆ. ನೀವು ಮುಂದೆ ಕೂತ್ಕೊಳ್ಳಿ, ಹಿಂದೆ ನಾನು ಕೂರ್ತೀನಿ.